ಗಾಲಿಯ ಮೇಲಿನ ನೆರೆಹೊರೆ: ಕಡಲದಂಡೆಯ ಕ್ಯಾಂಪರ್‌ವ್ಯಾನ್ ಪಯಣದಲ್ಲಿ ಸ್ನೇಹ ಕುದುರುವ ಬಗೆ

ರೈಲಿನಲ್ಲಿ ಎದುರು ಸೀಟಿನವರು ಊಟದ ಡಬ್ಬಿಯ ಮುಚ್ಚಳ ತೆರೆದು "ಸ್ವಲ್ಪ ತಗೊಳ್ಳಿ" ಎಂದರೆ ನಮ್ಮಲ್ಲಿ ಪರಿಚಯದ ಅರ್ಧ ಕೆಲಸ ಮುಗಿದಂತೆಯೇ. ಬೆಂಗಳೂರು ಬಿಟ್ಟ ಗಾಡಿ ಅರಸೀಕೆರೆ ತಲುಪುವಷ್ಟರಲ್ಲಿ ಅವರ ಮಗಳ ಮದುವೆ, ಅಳಿಯನ ಸಂಬಳ, ಮೊಣಕಾಲಿನ ನೋವು ಎಲ್ಲವೂ ನಮಗೆ ತಿಳಿದಿರುತ್ತದೆ. ಇಳಿಯುವಾಗ ವಿಳಾಸದ ವಿನಿಮಯವೂ ಆಗುತ್ತದೆ. ಆ ವಿಳಾಸವನ್ನು ಮುಂದೆ ಯಾರೂ ಹುಡುಕಿಕೊಂಡು ಹೋಗುವುದಿಲ್ಲ ಎಂಬುದು ಬೇರೆ ಮಾತು. ಪ್ರಯಾಣದಲ್ಲಿ ಸ್ನೇಹ ಬೆಳೆಸುವ ಕಲೆಯಲ್ಲಿ ನಮ್ಮವರನ್ನು ಮೀರಿಸುವವರಿಲ್ಲ ಎಂದೇ ನಾನು ಬಹುಕಾಲ ನಂಬಿದ್ದೆ. ಮನೆಯನ್ನೇ ಗಾಲಿಯ ಮೇಲೆ ಹೇರಿಕೊಂಡು ಕಡಲದಂಡೆಯಲ್ಲಿ ಅಲೆಯುವ ಜನರ ನಡುವೆ 17 ದಿನ ಕಳೆದ ಮೇಲೆ ಆ ನಂಬಿಕೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಯಿತು.

ನಡೆದದ್ದಿಷ್ಟು. 2024ರ ಜೂನ್ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲೆಲ್ಲ ಮನೆಯಲ್ಲಿ ಕುಳಿತು ಕಿಟಕಿಯಾಚೆ ನೋಡುವುದೇ ನಮ್ಮ ಉದ್ಯೋಗವಾಗಿತ್ತು. ವಿದೇಶದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ಓದುಗರಿಗೆ ಆ ಬೇಸರವನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಅಳಿಯನೇ ಒಂದು ಕ್ಯಾಂಪರ್‌ವ್ಯಾನನ್ನು ಬಾಡಿಗೆಗೆ ಗೊತ್ತುಮಾಡಿ, ಉತ್ತರಕ್ಕೆ ಕಡಲ ಬದಿಯಲ್ಲಿ ಬೈರನ್ ಬೇವರೆಗೆ ನಿಧಾನವಾಗಿ ಹೋಗಿಬನ್ನಿ ಎಂದು ಕಳುಹಿಸಿಕೊಟ್ಟ. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ವಾಹನ ಓಡಿಸುವ ಪದ್ಧತಿ ಇರುವುದರಿಂದ ಧೈರ್ಯ ಬಂದಿತು.

ಕ್ಯಾಂಪರ್‌ವ್ಯಾನ್ ಎಂದರೆ ದೊಡ್ಡ ಬಂಗಲೆಯಲ್ಲ. ನಮ್ಮ ಟೆಂಪೋ ಟ್ರಾವೆಲರಿನ ಗಾತ್ರದ ವಾಹನದೊಳಗೆ ಮಡಚುವ ಹಾಸಿಗೆ, ಗ್ಯಾಸ್ ಒಲೆ, ಅಂಗೈಯಗಲದ ತೊಟ್ಟಿ, ಪುಟ್ಟ ಫ್ರಿಜ್ ಇವಿಷ್ಟನ್ನು ಅಡಕಮಾಡಿರುತ್ತಾರೆ. ಒಬ್ಬರು ಎದ್ದು ನಿಂತರೆ ಇನ್ನೊಬ್ಬರು ಕುಳಿತುಕೊಳ್ಳಲೇಬೇಕು. ರಾತ್ರಿ ತಂಗುವುದಕ್ಕೆ ಊರೂರಿಗೂ ಕ್ಯಾರವಾನ್ ಪಾರ್ಕುಗಳಿವೆ. ಹಲವನ್ನು ಸ್ಥಳೀಯ ಆಡಳಿತವೋ ಸರ್ಕಾರಿ ಜಮೀನಿನ ಸಂಸ್ಥೆಗಳೋ ನಡೆಸುತ್ತವೆ, ಉಳಿದವು ಖಾಸಗಿ. ಕಡಲತೀರದ ವಾಹನ ನಿಲ್ದಾಣದಲ್ಲಿ ರಾತ್ರಿ ಮಲಗಿದರೆ ಅನೇಕ ಕಡೆ ದಂಡ ತೆರಬೇಕು. ಹೀಗಾಗಿ ಅಲೆಮಾರಿಗಳೆಲ್ಲ ಸಂಜೆಯ ಹೊತ್ತಿಗೆ ಅವೇ ಕೆಲವು ಪಾರ್ಕುಗಳಿಗೆ ಬಂದು ಸೇರುತ್ತಾರೆ. ನಿಮಗೊಂದು ಸಂಖ್ಯೆಯ ಜಾಗ, ಒಂದು ವಿದ್ಯುತ್ ಕಂಬ, ಒಂದು ನೀರಿನ ನಲ್ಲಿ ಸಿಗುತ್ತವೆ. ಸ್ನಾನಗೃಹ, ಅಡುಗೆಮನೆ, ಬಟ್ಟೆ ಒಗೆಯುವ ಯಂತ್ರ ಎಲ್ಲರಿಗೂ ಸೇರಿದ್ದು. ಎಡಬದಿಯಲ್ಲಿ ಯಾರು, ಬಲಬದಿಯಲ್ಲಿ ಯಾರು ಎಂಬುದು ಕಚೇರಿಯ ಗುಮಾಸ್ತರ ಕೈಯಲ್ಲಿದೆ, ರೈಲಿನ ಬರ್ತಿನ ಹಾಗೆ.

ಒಂದೇ ದಿಕ್ಕು, ಒಂದೇ ವೇಗ

ಇಂಥ ಕಡೆ ಸ್ನೇಹವಾಗುವುದಕ್ಕೆ ಜನರ ಒಳ್ಳೆಯತನವೊಂದೇ ಕಾರಣವೆಂದು ಭಾವಿಸುವುದು ತಪ್ಪು. ರಸ್ತೆಯ ರಚನೆ, ಋತುಮಾನ, ಸೂರ್ಯಾಸ್ತದ ಸಮಯ ಇವೆಲ್ಲ ಸೇರಿ ಅದಕ್ಕೆ ಅಣಿ ಮಾಡಿಕೊಡುತ್ತವೆ.

ಆಸ್ಟ್ರೇಲಿಯಾದ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ. ಮೇ ತಿಂಗಳು ಕಳೆಯುತ್ತಿದ್ದಂತೆ ದಕ್ಷಿಣದ ವಿಕ್ಟೋರಿಯಾ, ಟಾಸ್ಮೇನಿಯಾಗಳ ನಿವೃತ್ತರು ತಮ್ಮ ವ್ಯಾನು, ಕ್ಯಾರವಾನುಗಳನ್ನು ಹೊರಡಿಸಿಕೊಂಡು ಕ್ವೀನ್ಸ್‌ಲ್ಯಾಂಡಿನ ಬೆಚ್ಚನೆಯ ಬಿಸಿಲಿನ ಕಡೆಗೆ ತೆರಳುತ್ತಾರೆ. 'ಗ್ರೇ ನೊಮ್ಯಾಡ್ಸ್', ಎಂದರೆ ನರೆಗೂದಲ ಅಲೆಮಾರಿಗಳು ಎಂದು ಅವರಿಗೆ ಅಲ್ಲಿ ಹೆಸರು. ವಿಚಿತ್ರವೆಂದರೆ ಹಂಪ್‌ಬ್ಯಾಕ್ ತಿಮಿಂಗಿಲಗಳೂ ಅದೇ ತಿಂಗಳುಗಳಲ್ಲಿ ಅಂಟಾರ್ಕ್ಟಿಕದ ಕಡೆಯಿಂದ ಹೊರಟು ಅದೇ ತೀರದ ಉದ್ದಕ್ಕೂ ಉತ್ತರಕ್ಕೆ ಸಾಗುತ್ತವೆ. ವಸಂತದಲ್ಲಿ ಮರಿಗಳೊಂದಿಗೆ ದಕ್ಷಿಣಕ್ಕೆ ಮರಳುತ್ತವೆ. ಪೋರ್ಟ್ ಮೆಕ್ವಾರಿಯ ಟ್ಯಾಕಿಂಗ್ ಪಾಯಿಂಟ್ ದೀಪಸ್ತಂಭದ ಬಳಿ ಬೆಳಗಿನ ಹೊತ್ತು ನಿಂತರೆ ನೀರಿನ ಚಿಲುಮೆ ಕಾಣಿಸಿದೊಡನೆ ಅಪರಿಚಿತರು ಒಬ್ಬರ ತೋಳನ್ನು ಒಬ್ಬರು ಹಿಡಿದು ಕೂಗುವುದನ್ನು ನೋಡಬಹುದು. ಆ ಕೂಗಿಗೆ ಪರಿಚಯದ ಶಾಸ್ತ್ರವೇನೂ ಬೇಕಾಗಿಲ್ಲ.

ಎಲ್ಲರೂ ಒಂದೇ ದಿಕ್ಕಿಗೆ ಹೋಗುವುದರಿಂದ ಇಂದು ಫೋರ್‌ಸ್ಟರಿನಲ್ಲಿ ಕಂಡವರು ನಾಲ್ಕು ದಿನದ ಮೇಲೆ ಸೌತ್ ವೆಸ್ಟ್ ರಾಕ್ಸಿನಲ್ಲಿ ಮತ್ತೆ ಸಿಗುತ್ತಾರೆ. ರೈಲಿನ ಸ್ನೇಹಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಇದು. ರೈಲಿನಲ್ಲಿ ಇಳಿದರೆ ಮುಗಿಯಿತು. ಇಲ್ಲಿ ಎರಡನೆಯ ಭೇಟಿ ಇರುತ್ತದೆ, ಮೂರನೆಯದೂ ಇರುತ್ತದೆ. ಮೊದಲ ದಿನ ತಲೆಯಾಡಿಸಿ ಸುಮ್ಮನಾದವರು ಎರಡನೆಯ ಪಾರ್ಕಿನಲ್ಲಿ ಹಳೆಯ ಸ್ನೇಹಿತರಂತೆ ಕೈಬೀಸುತ್ತಾರೆ.

ಸಿಡ್ನಿಯಿಂದ ಬ್ರಿಸ್ಬೇನಿಗೆ ಹೋಗುವ ಪೆಸಿಫಿಕ್ ಹೆದ್ದಾರಿಯ ವಿಸ್ತರಣೆ 2020ರ ಡಿಸೆಂಬರಿನಲ್ಲಿ ಮುಗಿಯಿತು. ಹೆಕ್ಸಮ್‌ನಿಂದ ಕ್ವೀನ್ಸ್‌ಲ್ಯಾಂಡ್ ಗಡಿಯವರೆಗೆ 657 ಕಿಲೋಮೀಟರ್ ಉದ್ದಕ್ಕೂ ಈಗ ಜೋಡಿಮಾರ್ಗ. ಅವಸರದವರು ಒಂದೇ ದಿನದಲ್ಲಿ ಬ್ರಿಸ್ಬೇನ್ ಸೇರಬಹುದು. ಆದರೆ ಹೆದ್ದಾರಿಯ ಬಹುಭಾಗದಲ್ಲಿ ಸಮುದ್ರ ಕಾಣಿಸುವುದಿಲ್ಲ. ಕಡಲನ್ನು ನೋಡಬೇಕೆಂಬವರು ಹೆದ್ದಾರಿ ಬಿಟ್ಟು ಹಳೆಯ ಅಡ್ಡರಸ್ತೆಗಳಿಗೆ ಇಳಿಯಬೇಕು. ಆ ರಸ್ತೆಗಳಲ್ಲಿ ಉಳಿಯುವವರು ಅವಸರವಿಲ್ಲದವರು ಮಾತ್ರ. ಎದುರಿನ ವ್ಯಾನಿನ ಚಾಲಕ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸುವ ಪದ್ಧತಿ ಅಲ್ಲಿದೆ. ಮೊದಲೆರಡು ದಿನ ನಾನು ಹಾರ್ನಿನ ಬಗ್ಗೆ ಏನೋ ದೂರುತ್ತಿದ್ದಾರೆಂದುಕೊಂಡಿದ್ದೆ.

ಇನ್ನು ಕಾಂಗರೂಗಳ ಕಾಟ. ಮುಸ್ಸಂಜೆ ಮತ್ತು ನಸುಕಿನಲ್ಲಿ ಅವು ರಸ್ತೆಗೆ ನುಗ್ಗುವುದರಿಂದ ಅನುಭವಿಗಳು ಕತ್ತಲಾದ ಮೇಲೆ ವಾಹನ ಓಡಿಸುವುದಿಲ್ಲ. ಜೂನ್‌ನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಆದುದರಿಂದ ಮೂರೂವರೆ, ನಾಲ್ಕರ ಹೊತ್ತಿಗೆ ಪಾರ್ಕಿನಲ್ಲಿ ಎಲ್ಲರೂ ಬಂದು ನಿಂತಿರುತ್ತಾರೆ, ಎಲ್ಲರಿಗೂ ಬಿಡುವಿರುತ್ತದೆ, ಕತ್ತಲಿಗೆ ಮುಂಚಿನ ಒಂದು ಗಂಟೆಯ ಬೆಳಕು ಉಳಿದಿರುತ್ತದೆ.

ತಂತಿ ಗಿಡ್ಡವಾದ ಕಥೆ

ಮೊದಲ ರಾತ್ರಿ ನೆಲ್ಸನ್ ಬೇ ಸಮೀಪದ ಪಾರ್ಕಿನಲ್ಲಿ ವ್ಯಾನನ್ನು ಜಾಗಕ್ಕೆ ಹಿಮ್ಮುಖವಾಗಿ ನುಗ್ಗಿಸಲು ನಾನು ಪಟ್ಟ ಪಾಡನ್ನು ಹತ್ತಾರು ಜನ ನೋಡುತ್ತಿದ್ದರು. ಕ್ಯಾರವಾನ್ ಪಾರ್ಕುಗಳಲ್ಲಿ ಇದೊಂದು ಉಚಿತ ಮನರಂಜನೆ. ಹೇಗೋ ನಿಲ್ಲಿಸಿ ಇಳಿದು ನೋಡಿದರೆ ವಿದ್ಯುತ್ ತಂತಿ ಕಂಬದವರೆಗೆ ಬರುತ್ತಿಲ್ಲ. ವ್ಯಾನಿನ ಪ್ಲಗ್ ಒಂದು ಬದಿ, ಕಂಬ ಇನ್ನೊಂದು ಬದಿ. ಮತ್ತೊಮ್ಮೆ ತಿರುಗಿಸುವ ಧೈರ್ಯವಿರಲಿಲ್ಲ. "ಒಂದು ರಾತ್ರಿ ಕತ್ತಲಲ್ಲೇ ಇರೋಣ" ಎಂದು ಪತ್ನಿಗೆ ಹೇಳುತ್ತಿದ್ದಾಗ ಪಕ್ಕದ ವ್ಯಾನಿನ ಹಿರಿಯ ಮಹಿಳೆಯೊಬ್ಬರು ಕಿತ್ತಳೆ ಬಣ್ಣದ ತಂತಿಯ ಸುರುಳಿಯೊಂದನ್ನು ಹಿಡಿದು ಬಂದರು. ಅಲ್ಲಿಯ ಕ್ಯಾರವಾನ್ ಪ್ಲಗ್ಗುಗಳು 15 ಆಂಪಿಯರಿನವು, ಮನೆಯ ಮಾಮೂಲಿ 10 ಆಂಪಿಯರಿನ ತಂತಿ ಹೊಂದುವುದಿಲ್ಲ, ಅದರ ಅರ್ತ್ ಪಿನ್ನು ಅಗಲವಾಗಿರುತ್ತದೆ ಎಂದು ವಿವರಿಸುತ್ತಲೇ ತಾವೇ ಸಿಕ್ಕಿಸಿದರು. ದೀಪ ಹೊತ್ತಿತು. ನನ್ನ ಧನ್ಯವಾದ ಮುಗಿಯುವ ಮೊದಲೇ ಅವರು ತಮ್ಮ ವ್ಯಾನಿಗೆ ಹೊರಟುಹೋಗಿದ್ದರು.

ಮರುದಿನ ಬೆಳಿಗ್ಗೆ ತಂತಿಯನ್ನು ಬರಿಗೈಯಲ್ಲಿ ಹಿಂತಿರುಗಿಸುವುದು ಹೇಗೆ? ನನ್ನ ಪತ್ನಿ ಸಾರ್ವಜನಿಕ ಅಡುಗೆಮನೆಯಲ್ಲಿ ಸಾಸಿವೆ, ಉದ್ದಿನಬೇಳೆ, ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿದಳು. ಆ ಘಾಟಿಗೆ ಅಕ್ಕಪಕ್ಕದ ಒಲೆಗಳ ಮುಂದಿದ್ದ ಮೂವರು ಕೆಮ್ಮುತ್ತ ಬಂದು ಅದೇನೆಂದು ವಿಚಾರಿಸಿದರು. ತಂತಿಯೊಂದಿಗೆ ಉಪ್ಪಿಟ್ಟೂ ಹೋಯಿತು. ಖಾಲಿ ಬಟ್ಟಲು ಹಿಂತಿರುಗಿ ಬರುವಾಗ ಅದರಲ್ಲಿ ನಾಲ್ಕು ನಿಂಬೆಹಣ್ಣುಗಳಿದ್ದವು. ಬಟ್ಟಲನ್ನು ಖಾಲಿ ಹಿಂತಿರುಗಿಸಬಾರದೆಂಬ ನಮ್ಮ ಅಜ್ಜಿಯರ ನಿಯಮ ವಿಕ್ಟೋರಿಯಾದ ಹಳ್ಳಿಗಾಡಿನಲ್ಲೂ ಇರುವುದೆಂದು ಅಂದು ತಿಳಿಯಿತು.

ಆ 17 ದಿನಗಳಲ್ಲಿ ನಾನು ಗಮನಿಸಿದಂತೆ ಗಟ್ಟಿಯಾದ ಪರಿಚಯಗಳೆಲ್ಲ ಹೀಗೆಯೇ ಒಂದು ಸಣ್ಣ ಕೊರತೆಯಿಂದ ಶುರುವಾದವು. ಸುತ್ತಿಗೆ ಇಲ್ಲ, ಬೆಂಕಿಪೊಟ್ಟಣ ತೋಯ್ದಿದೆ, ನೀರಿನ ಕೊಳವೆ ನಲ್ಲಿಗೆ ಕೂರುತ್ತಿಲ್ಲ, ಶೌಚದ ಪೆಟ್ಟಿಗೆಯನ್ನು ಬರಿದುಮಾಡುವ ಡಂಪ್ ಪಾಯಿಂಟ್ ಎಲ್ಲಿದೆ ಎಂಬಂಥವು. "ಹವೆ ಚೆನ್ನಾಗಿದೆ" ಎಂದು ಮಾತು ತೆಗೆದರೆ "ಹೌದು" ಎಂಬ ಉತ್ತರ ಬಂದು ಅಲ್ಲಿಗೇ ನಿಲ್ಲುತ್ತದೆ. "ಈ ಕೊಳವೆ ಯಾಕೆ ಸೋರುತ್ತಿದೆ?" ಎಂದು ಕೇಳಿದರೆ ಇಬ್ಬರು ಮಂಡಿಯೂರಿ ಕೂರುತ್ತಾರೆ, ಮೂರನೆಯವರು ತಮ್ಮ ಪೆಟ್ಟಿಗೆಯಿಂದ ವಾಷರ್ ತರುತ್ತಾರೆ. ನಮ್ಮಲ್ಲಿ ಅನೇಕರಿಗೆ, ಅದರಲ್ಲೂ ನನ್ನ ವಯಸ್ಸಿನ ಗಂಡಸರಿಗೆ, ಸಹಾಯ ಕೇಳುವುದು ಅವಮಾನವೆನಿಸುತ್ತದೆ. ಆ ಬಿಗುಮಾನವನ್ನು ಸಿಡ್ನಿಯಲ್ಲೇ ಬಿಟ್ಟು ಬಂದಿದ್ದರೆ ಮೊದಲ ದಿನವೇ ಪರಿಚಯ ಬೆಳೆಯುತ್ತಿತ್ತು.

ಕುರ್ಚಿಗಳ ಭಾಷೆ

ವ್ಯಾನಿನ ಬಾಗಿಲು ಮುಚ್ಚಿದ್ದರೆ ಅದು ಮನೆ, ತಟ್ಟಬಾರದು. ಮಡಚುವ ಕುರ್ಚಿ ಹೊರಗೆ ಬಂದು ರಸ್ತೆಯ ಕಡೆಗೆ ಮುಖಮಾಡಿದ್ದರೆ ಅದು ಜಗಲಿ, ಮಾತನಾಡಿಸಬಹುದು. ಕುರ್ಚಿ ಕಡಲಿನ ಕಡೆಗೆ ತಿರುಗಿದ್ದರೆ ಅವರಿಗೆ ಏಕಾಂತ ಬೇಕಾಗಿದೆಯೆಂದು ತಿಳಿಯಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತಾರೆ. ಇನ್ನೊಬ್ಬರ ಜಾಗವನ್ನು ಹಾದು ಸ್ನಾನಗೃಹಕ್ಕೆ ಅಡ್ಡದಾರಿ ಹಿಡಿಯುವುದು ದೊಡ್ಡ ಅಪರಾಧ. ಗೋಡೆಯಿಲ್ಲದಿದ್ದರೂ ಅದು ಅವರ ಅಂಗಳ. ರಾತ್ರಿ ಹತ್ತರ ನಂತರ ಮಾತಿನ ಸದ್ದೂ ಕೇಳಿಸಬಾರದು.

ಸಂಜೆ ನಾಲ್ಕರ ಸುಮಾರಿಗೆ 'ಹ್ಯಾಪಿ ಅವರ್'. ಹೋಟೆಲಿನ ಅಗ್ಗದ ಮದ್ಯದ ವೇಳೆಯಲ್ಲ, ಪ್ರತಿಯೊಬ್ಬರೂ ತಮ್ಮ ಕುರ್ಚಿ, ತಮ್ಮ ಲೋಟ, ತಮ್ಮ ಪಾನೀಯವನ್ನು ಹಿಡಿದು ಒಂದೆಡೆ ವೃತ್ತಾಕಾರವಾಗಿ ಕೂರುವುದು. ಕರೆದವರು ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ. ಅತಿಥಿಗೆ ಲೋಟ ನೀರನ್ನಾದರೂ ಕೊಡದೆ ಕಳುಹಿಸದ ನಮಗೆ ಮೊದಲು ಇದು ಜಿಪುಣತನದಂತೆ ಕಂಡಿತು. ಆಮೇಲೆ ತರ್ಕ ಹೊಳೆಯಿತು. ನಾಳೆ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಜಾಗ ತೆರವುಮಾಡಿ ಹೊರಡುವವರು. ಆತಿಥ್ಯ ಮಾಡಿದರೆ ತೀರಿಸಲಾಗದ ಋಣವೊಂದು ಉಳಿಯುತ್ತದೆ. ಅವರವರದು ಅವರವರೇ ತಂದರೆ ಯಾವ ಸಂಕೋಚವೂ ಇಲ್ಲದೆ ಯಾರು ಬೇಕಾದರೂ ಬಂದು ಸೇರಬಹುದು, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಕೈಯಲ್ಲಿ ಹಣವಿಲ್ಲದ ಪಿಂಚಣಿದಾರನೂ ಲಕ್ಷಾಂತರ ಡಾಲರಿನ ಮೋಟರ್‌ಹೋಮಿನ ಒಡೆಯನೂ ಒಂದೇ ವೃತ್ತದಲ್ಲಿ ಕೂರುವುದು ಇದರಿಂದಲೇ ಸಾಧ್ಯ. ಮದ್ಯ ಮುಟ್ಟದವರು ಹಿಂಜರಿಯಬೇಕಾಗಿಲ್ಲ. ನಾನು ಬುಂಡಬರ್ಗ್ ಜಿಂಜರ್ ಬಿಯರ್ ಹಿಡಿದು ಕೂರುತ್ತಿದ್ದೆ. ಅದರ ಹೆಸರಿನಲ್ಲಿ ಮಾತ್ರ ಬಿಯರ್ ಇದೆ, ಉಳಿದದ್ದು ಶುಂಠಿ ಮತ್ತು ಸಕ್ಕರೆ.

ಆದರೆ 'ಬ್ರಿಂಗ್ ಎ ಪ್ಲೇಟ್' ಎಂಬ ಆಹ್ವಾನ ಬಂದರೆ ಎಚ್ಚರಿಕೆ ಅಗತ್ಯ. ತಟ್ಟೆ ತನ್ನಿ ಎಂದು ಅದರ ನೇರ ಅರ್ಥ. ನನ್ನ ಪತ್ನಿ ಪಾಪ, ಅವರಲ್ಲಿ ಪಾತ್ರೆ ಕಡಿಮೆಯಿರಬೇಕೆಂದು ಎರಡು ತಟ್ಟೆ ತೊಳೆದು ಒರೆಸಿ ಇಟ್ಟಿದ್ದಳು. ತಟ್ಟೆಯ ತುಂಬ ತಿನಿಸು ತನ್ನಿ ಎಂಬುದು ಅದರ ಭಾವಾರ್ಥವೆಂದು ಮಗಳು ಫೋನಿನಲ್ಲಿ ತಿಳಿಸಿದ್ದರಿಂದ ಮರ್ಯಾದೆ ಉಳಿಯಿತು. ಆಸ್ಟ್ರೇಲಿಯಾಕ್ಕೆ ವಲಸೆ ಬಂದ ಅನೇಕರು ಖಾಲಿ ತಟ್ಟೆ ಹಿಡಿದು ಹೋಗಿ ಪೇಚಿಗೆ ಸಿಕ್ಕಿದ್ದಾರಂತೆ.

ಕೇಳಬಹುದಾದ, ಕೇಳಬಾರದ ಪ್ರಶ್ನೆಗಳೂ ಬೇರೆ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ನಿಮ್ಮ ವ್ಯಾನು ಲೀಟರಿಗೆ ಎಷ್ಟು ಓಡುತ್ತದೆ ಇವು ಮೂರೂ ರಾಜಮಾರ್ಗ. ಸಂಬಳ, ಮನೆಯ ಬೆಲೆ, ಮಕ್ಕಳೇಕಿಲ್ಲ, ಮದುವೆಯೇಕಾಗಿಲ್ಲ ಇವು ನಮ್ಮಲ್ಲಿ ಆತ್ಮೀಯತೆಯ ಗುರುತು, ಅಲ್ಲಿ ಅತಿಕ್ರಮಣ. ಎಪ್ಪತ್ತರ ಹಿರಿಯರನ್ನೂ ಹೆಸರು ಹಿಡಿದೇ ಕರೆಯಬೇಕು. ಅಂಕಲ್, ಆಂಟಿ ಎಂದರೆ ಅವರು ತಬ್ಬಿಬ್ಬಾಗುತ್ತಾರೆ. "ಮತ್ತೆ ಸೇರೋಣ" ಎಂದು ಅವರು ಹೇಳಿದರೆ ಅದನ್ನು ನಮ್ಮ "ಮನೆಗೆ ಬನ್ನಿ" ಎಂಬಷ್ಟೇ ತೂಕದ ಮಾತೆಂದು ತಿಳಿಯಬೇಕು. ಇಲ್ಲಿ ಮಾತ್ರ ಎರಡು ದೇಶಗಳೂ ಸಮಸಮ.

ಇನ್ನೊಂದು ಭೇದವಿದೆ, ನಾಯಿಯದು. ಈ ರಾಜ್ಯದ ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಕುನಾಯಿಗೆ ಪ್ರವೇಶವಿಲ್ಲ. ಆದ್ದರಿಂದ ನಾಯಿ ಇರುವವರು ಊರೊಳಗಿನ ಪಾರ್ಕುಗಳಲ್ಲಿ, ಇಲ್ಲದವರು ಅರಣ್ಯದಂಚಿನ ಶಿಬಿರಗಳಲ್ಲಿ ಎಂದು ಜನ ತಾವಾಗಿಯೇ ಎರಡು ಪಂಗಡವಾಗುತ್ತಾರೆ. ನಾಯಿಯವರದೇ ಹೆಚ್ಚು ಬೆರೆಯುವ ಪಂಗಡ. ದಿನಕ್ಕೆರಡು ಬಾರಿ ನಾಯಿಯನ್ನು ಅಡ್ಡಾಡಿಸಲೇಬೇಕಲ್ಲ, ಎಲ್ಲರ ಬಾಗಿಲ ಮುಂದೆ ಹಾದುಹೋಗಲೇಬೇಕು.

ಸಹಪ್ರಯಾಣಿಕರ ಒಂದು ಮಾತು

ಇಷ್ಟೆಲ್ಲ ಹರಟೆಗೆ ಬೆಲೆ ಏನು ಎಂದು ಕೇಳುವವರಿಗಾಗಿ ಫೋರ್‌ಸ್ಟರಿನ ಒಂದು ಬೆಳಗನ್ನು ಹೇಳಬೇಕು. ಬಿಸಿಲು ಹಿತವಾಗಿತ್ತು, ತೀರ ನಿರ್ಜನವಾಗಿತ್ತು. ಅಲೆಗಳ ನಡುವೆ ಒಂದೆಡೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಗಾಢಬಣ್ಣದಲ್ಲಿ ಕಾಣುತ್ತಿತ್ತು. ಮಂಡಿಯವರೆಗೆ ಇಳಿಯಲು ಅದೇ ಸುರಕ್ಷಿತ ಜಾಗವೆಂದುಕೊಂಡು ನಾವು ಹೊರಟಿದ್ದೆವು. ಪಾರ್ಕಿನ ನೆರೆಯವರೊಬ್ಬರು ಹಿಂದಿನಿಂದ ಕೂಗಿ ನಿಲ್ಲಿಸಿದರು. ಆ ಶಾಂತವಾದ ಜಾಗವೇ 'ರಿಪ್' ಎಂಬ ಸೆಳವು. ದಡಕ್ಕೆ ಬಂದ ನೀರೆಲ್ಲ ಒಂದು ಕಾಲುವೆಯಂತೆ ಕೂಡಿ ಕಡಲಿಗೆ ಹಿಂತಿರುಗುವ ದಾರಿ ಅದು. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಅಲೆಯಿಲ್ಲವೆಂದು ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ.

ಅವರು ಹೇಳಿದ ಉಳಿದ ವಿಷಯಗಳನ್ನು ಇಲ್ಲಿ ದಾಖಲಿಸುವುದು ಉಚಿತ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು. ಅಲ್ಲಿ ಜೀವರಕ್ಷಕರ ಕಾವಲಿರುತ್ತದೆ. ಆದರೆ ಸ್ವಯಂಸೇವಕ ಜೀವರಕ್ಷಕರ ಕಾವಲು ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ. ಚಳಿಗಾಲದಲ್ಲಿ ಬಹುತೇಕ ತೀರಗಳಲ್ಲಿ ಬಾವುಟವೇ ಇರುವುದಿಲ್ಲ. ಸೆಳವಿಗೆ ಸಿಕ್ಕರೆ ದಡದ ಕಡೆಗೆ ಎದುರು ಈಜಿ ಸುಸ್ತಾಗಬಾರದು. ತೇಲುತ್ತ ಕೈಯೆತ್ತಿ ಕೂಗಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ತುರ್ತು ಕರೆಯ ಸಂಖ್ಯೆ 000. ಅದೇ ವರ್ಷ ಜನವರಿ 24ರಂದು ವಿಕ್ಟೋರಿಯಾದ ಫಿಲಿಪ್ ದ್ವೀಪದ ಫಾರೆಸ್ಟ್ ಕೇವ್ಸ್ ತೀರದಲ್ಲಿ ಭಾರತೀಯ ಮೂಲದ ನಾಲ್ವರು ಮುಳುಗಿ ಮೃತಪಟ್ಟಿದ್ದರು. ಅದು ಕಾವಲಿಲ್ಲದ ತೀರ. ಆ ಸುದ್ದಿಯನ್ನು ನಮ್ಮ ನೆರೆಯವರು ನೆನಪಿಟ್ಟುಕೊಂಡಿದ್ದರು. ನಮ್ಮ ಚರ್ಮದ ಬಣ್ಣ ನೋಡಿ ಕೂಗಿದೆ, ಬೇಸರಿಸಬೇಡಿ ಎಂದು ಸಂಕೋಚದಿಂದಲೇ ಹೇಳಿದರು. ನಮಗೇಕೆ ಬೇಸರ? ಹಿಂದಿನ ಸಂಜೆ ಅವರ ವೃತ್ತದಲ್ಲಿ ಕುಳಿತಿರದಿದ್ದರೆ ನಾವು ಅಲ್ಲಿ ಹೊಸಬರೆಂಬುದು ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ಯುವಕರ ಗುಂಪಿನಲ್ಲಿ ಸ್ನೇಹದ ಸರಕು ಬೇರೆ. ಹಳೆಯ ಹೈಏಸ್ ವ್ಯಾನುಗಳಲ್ಲಿ ಮಲಗುವ ಜರ್ಮನ್, ಫ್ರೆಂಚ್ ಹುಡುಗ ಹುಡುಗಿಯರು ವರ್ಕಿಂಗ್ ಹಾಲಿಡೇ ವೀಸಾದಲ್ಲಿ ಬಂದವರು. ಕಾಫ್ಸ್ ಹಾರ್ಬರ್ ಸುತ್ತಲಿನ ಬ್ಲೂಬೆರಿ ತೋಟಗಳಲ್ಲಿ ಹಣ್ಣು ಕೀಳುತ್ತಾರೆ. ಯಾವ ತೋಟದಲ್ಲಿ ಸರಿಯಾಗಿ ಕೂಲಿ ಕೊಡುತ್ತಾರೆ, ಎಲ್ಲಿ ಬಕೆಟ್ ಲೆಕ್ಕದಲ್ಲಿ ಮೋಸವಾಗುತ್ತದೆ ಎಂಬುದೇ ಅವರ ಸಂಜೆಯ ಮಾತು. ಹಣ್ಣಿನ ತೂಕದ ಲೆಕ್ಕದಲ್ಲಿ ದುಡಿಯುವವರಿಗೂ ಗಂಟೆಗೆ ಕನಿಷ್ಠ ವೇತನ ಸಿಗಲೇಬೇಕೆಂಬ ನಿಯಮ 2022ರ ಏಪ್ರಿಲ್ 28ರಿಂದ ಜಾರಿಯಲ್ಲಿದೆ. ಅನೇಕರಿಗೆ ಇದು ತಿಳಿಯುವುದು ಪಕ್ಕದ ವ್ಯಾನಿನವರಿಂದ. 2024ರ ಅಕ್ಟೋಬರಿನಲ್ಲಿ ಭಾರತದ 18ರಿಂದ 30ರ ವಯೋಮಾನದವರಿಗೂ ವರ್ಷಕ್ಕೆ 1,000 ಮಂದಿಯಂತೆ ಲಾಟರಿ ಮೂಲಕ ಇಂಥದೇ ವೀಸಾ ನೀಡುವ ವ್ಯವಸ್ಥೆ ಆರಂಭವಾಗಿದೆ. ಆದ್ದರಿಂದ ಕನ್ನಡದ ಹುಡುಗರೂ ಈ ವೃತ್ತಗಳಲ್ಲಿ ಕೂರುವ ದಿನ ದೂರವಿಲ್ಲ. ಅಲ್ಲೇ ಸಮೀಪದ ವೂಲ್‌ಗೂಲ್ಗದಲ್ಲಿ ಬಾಳೆತೋಟಗಳಿಗೆ ಬಂದು ನೆಲೆಸಿದ ಪಂಜಾಬಿ ಸಿಖ್ಖರು 1968ರಲ್ಲೇ ಗುರುದ್ವಾರ ಕಟ್ಟಿದ್ದಾರೆ, ಅದು ಆಸ್ಟ್ರೇಲಿಯಾದ ಮೊದಲನೆಯದು. ಸಂಜೆಯ ವೃತ್ತದ 'ಅವರವರದು ಅವರವರಿಗೆ' ಎಂಬ ನಿಯಮಕ್ಕೆ ಒಗ್ಗಿಹೋಗಿದ್ದ ನಮ್ಮ ಆಸ್ಟ್ರೇಲಿಯನ್ ನೆರೆಯವರಿಗೆ ಲಂಗರಿನ ಪಂಕ್ತಿ ಎಂದರೆ ಏನೆಂದು ವಿವರಿಸುವ ಸರದಿ ಅಂದು ನಮ್ಮದಾಯಿತು.

ಎಂಟು ಗಂಟೆಯ ಪರದೆ

ತಂತಿ ಕೊಟ್ಟ ಮಹಿಳೆಯ ವಿಷಯಕ್ಕೆ ಮರಳುತ್ತೇನೆ. ಪೋರ್ಟ್ ಮೆಕ್ವಾರಿಯಲ್ಲಿ ಅವರು ಮತ್ತೆ ನಮ್ಮ ಪಕ್ಕದಲ್ಲೇ ಇದ್ದರು. ಅಲ್ಲಿನ ಅಲೆತಡೆಗೋಡೆಯ ಕಲ್ಲುಗಳ ಮೇಲೆ ಪ್ರವಾಸಿಗರು ಬಣ್ಣದಲ್ಲಿ ಹೆಸರು, ಚಿತ್ರ, ಮದುವೆಯ ವರ್ಷ, ಅಗಲಿದವರ ನೆನಪು ಬರೆದಿಟ್ಟಿದ್ದಾರೆ. ಸಂಜೆ ಅದರುದ್ದಕ್ಕೂ ನಡೆಯುವಾಗ ಅವರು ತಮ್ಮ ಕಥೆ ಹೇಳಿದರು. ಈ ವ್ಯಾನನ್ನು ಗಂಡಹೆಂಡಿರಿಬ್ಬರೂ ನಿವೃತ್ತಿಯ ಹಣದಲ್ಲಿ ಕೊಂಡದ್ದು. ಮೊದಲ ಪಯಣಕ್ಕೆ ಮುಂಚೆಯೇ ಗಂಡ ತೀರಿಕೊಂಡರು. ಎರಡು ವರ್ಷ ವ್ಯಾನು ಷೆಡ್ಡಿನಲ್ಲೇ ಇತ್ತು. ಮಾರುವ ಬದಲು ಮುದಿನಾಯಿಯನ್ನು ಕೂರಿಸಿಕೊಂಡು ತಾವೊಬ್ಬರೇ ಹೊರಟರು.

"ಹೆದರಿಕೆಯಾಗುವುದಿಲ್ಲವೇ?" ಎಂದು ನನ್ನ ಪತ್ನಿ ಕೇಳಿದಳು. ಕಳ್ಳಕಾಕರ ಭಯ ಅಷ್ಟಿಲ್ಲ ಎಂದರು ಅವರು. ಅದಕ್ಕೆ ಉಪಾಯಗಳಿವೆ. ಒಬ್ಬರೇ ಇದ್ದರೂ ಹೊರಗೆ ಎರಡು ಕುರ್ಚಿ ಹಾಕುವುದು, ಬಾಗಿಲ ಬಳಿ ಗಂಡಸರ ದೊಡ್ಡ ಬೂಟು ಇಡುವುದು, ನಾಳೆಯ ತಂಗುದಾಣವನ್ನು ಇಂದು ಪರಿಚಯವಾದ ಎಲ್ಲರಿಗೂ ಹೇಳದಿರುವುದು. ನಿಜವಾದ ಹೆದರಿಕೆ ಬೇರೆ. ರಾತ್ರಿ ಎದೆನೋವು ಬಂದರೆ, ಸ್ನಾನಗೃಹದಲ್ಲಿ ಜಾರಿ ಬಿದ್ದರೆ ಯಾರಿಗೆ ತಿಳಿಯುತ್ತದೆ? ಮಗ ಪರ್ತಿನಲ್ಲಿದ್ದಾನೆ, ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಏಳು ದಿನ ದೀರ್ಘ ಕಾಲ.

ಅದಕ್ಕಾಗಿ ಅವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಪ್ರತಿ ಪಾರ್ಕಿನಲ್ಲೂ ನಂಬಿಕೆ ಹುಟ್ಟಿದ ಒಬ್ಬ ನೆರೆಯವರಿಗೆ ಹೇಳಿರುತ್ತಿದ್ದರು: ಬೆಳಿಗ್ಗೆ ಎಂಟರೊಳಗೆ ನನ್ನ ವ್ಯಾನಿನ ಮುಂಭಾಗದ ಪರದೆ ತೆರೆದಿರದಿದ್ದರೆ ದಯವಿಟ್ಟು ಬಾಗಿಲು ಬಡಿಯಿರಿ. ಸಂಜೆ ಹೊಸ ಊರು ತಲುಪಿದೊಡನೆ ಹಿಂದಿನ ಊರಿನ ನೆರೆಯವರಿಗೆ ಒಂದು ಸಾಲಿನ ಸಂದೇಶ. ಹೀಗೆ ಸರಪಳಿಯಂತೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಅವರು ಸಾವಿರಾರು ಕಿಲೋಮೀಟರ್ ಸಾಗಿದ್ದರು. ಒಂಟಿ ಪಯಣಿಗರಲ್ಲಿ ಹಲವರು ಇಂಥದೇ ಉಪಾಯ ಮಾಡುತ್ತಾರೆ. 1986ರಲ್ಲಿ ಸ್ಥಾಪನೆಯಾದ ಅಲ್ಲಿಯ ಕ್ಯಾಂಪರ್‌ವ್ಯಾನ್ ಅಂಡ್ ಮೋಟರ್‌ಹೋಮ್ ಕ್ಲಬ್ಬಿನಲ್ಲಿ ಒಬ್ಬಂಟಿ ಸದಸ್ಯರದೇ ಒಂದು ಬಳಗವೂ ಇದೆ. ಆದರೆ ಈ ಬಾಗಿಲು ಬಡಿಯುವ ಕೆಲಸವನ್ನು ಯಾವ ಕ್ಲಬ್ಬೂ ಮಾಡಲಾರದು. ಪಕ್ಕದ ವ್ಯಾನಿನವರೇ ಆಗಬೇಕು.

ಪೋರ್ಟ್ ಮೆಕ್ವಾರಿಯಲ್ಲಿ ಆ ಜವಾಬ್ದಾರಿ ನಮಗೆ ಬಂದಿತು. ಐದು ದಿನದ ಪರಿಚಯದವರಿಗೆ ಪ್ರಾಣದ ಕಾವಲನ್ನು ವಹಿಸುವುದು ಸಣ್ಣ ಮಾತಲ್ಲ. ಮರುದಿನ ನನಗೆ ಐದಕ್ಕೇ ಎಚ್ಚರವಾಯಿತು. ಆರೂವರೆಯಿಂದಲೇ ಪತ್ನಿ ಕಾಫಿ ಲೋಟ ಹಿಡಿದು ಆ ಪರದೆಯನ್ನೇ ನೋಡುತ್ತ ಕುಳಿತಿದ್ದಳು. ಏಳೂ ಮುಕ್ಕಾಲಾದರೂ ತೆರೆಯಲಿಲ್ಲ. ನಾನು ಎದ್ದು ನಿಂತೆ. ಎಂಟಾಗಲಿ, ಮಾತಿಗೆ ತಪ್ಪಬಾರದು ಎಂದು ಅವಳು ತಡೆದಳು. ಏಳು ಐವತ್ತೆರಡಕ್ಕೆ ಪರದೆ ಸರಿಯಿತು, ನಾಯಿಯ ಮೂತಿ ಕಾಣಿಸಿತು. ಆ ಏಳು ನಿಮಿಷಗಳಷ್ಟು ಉದ್ದದ ಏಳು ನಿಮಿಷಗಳನ್ನು ನಾನು ಬ್ಯಾಂಕಿನ ನೌಕರಿಯಲ್ಲೂ ಕಂಡಿರಲಿಲ್ಲ.

ಸೌತ್ ವೆಸ್ಟ್ ರಾಕ್ಸಿನಲ್ಲಿ ನಾವು ಟ್ರಯಲ್ ಬೇ ಸೆರೆಮನೆಯ ಪಕ್ಕದ ಶಿಬಿರದಲ್ಲಿ ಇಳಿದೆವು, ನಾಯಿಯ ದೆಸೆಯಿಂದ ಅವರು ಊರೊಳಗೆ ಉಳಿದರು. 1886ರಲ್ಲಿ ತೆರೆದ ಆ ಕಲ್ಲಿನ ಸೆರೆಮನೆಯಲ್ಲಿ ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಿಂದ 1918ರವರೆಗೆ, ಆಸ್ಟ್ರೇಲಿಯಾದಲ್ಲಿದ್ದ ಜರ್ಮನ್ ಮೂಲದವರನ್ನು ಕೂಡಿಹಾಕಿದ್ದರು. ಈಗ ಅದರ ಗೋಡೆಯ ಬುಡದಲ್ಲಿ ಜರ್ಮನ್ ಹುಡುಗರು ವ್ಯಾನು ನಿಲ್ಲಿಸಿ ಗಿಟಾರ್ ನುಡಿಸುತ್ತಿದ್ದರು. ಪರದೆಯ ಕೆಲಸವನ್ನು ಅಲ್ಲಿಂದ ಮುಂದೆ ಬೇರೆಯವರು ವಹಿಸಿಕೊಂಡರು. ನಮಗೆ ಸಂಜೆಯ ಒಂದು ಸಾಲಿನ ಸಂದೇಶ ಬಂದಿತು. ಬೈರನ್ ಬೇಯಿಂದ ನಾವು ಹಿಂದಿರುಗಿದೆವು, ಅವರು ಗಡಿ ದಾಟಿ ಉತ್ತರಕ್ಕೆ ಹೋದರು.

2025ರ ಮೇ ತಿಂಗಳಿನಲ್ಲಿ ನಾವು ಮೈಸೂರಿನಲ್ಲಿದ್ದೆವು. ಅದೇ ತೀರದಲ್ಲಿ ಭಾರಿ ಮಳೆಯಾಗಿ ತಾರಿ ಊರಿನಲ್ಲಿ ಮ್ಯಾನಿಂಗ್ ನದಿ 1929ರ ದಾಖಲೆಯನ್ನೂ ಮೀರಿ ಉಕ್ಕಿದ ಸುದ್ದಿ ಬಂದಿತು. ಐವರು ಸತ್ತಿದ್ದರು. ನದಿಯಂಚಿನ, ಕಡಲಂಚಿನ ತಗ್ಗುಜಾಗಗಳಲ್ಲೇ ಈ ಪಾರ್ಕುಗಳಿರುವುದು. ಅವರು ಉತ್ತರಕ್ಕೆ ಹೊರಡುವ ಕಾಲವೂ ಅದೇ. ಪತ್ನಿ ಸಂದೇಶ ಕಳುಹಿಸಿದಳು. ಅಂದು ಉತ್ತರವಿಲ್ಲ. ಮರುದಿನ ಮಧ್ಯಾಹ್ನ, ಅಲ್ಲಿನ ಸಂಜೆ, ಎರಡು ಸಾಲು ಬಂದವು. ಪಾರ್ಕಿನ ನೆರೆಯವರು ನಡುರಾತ್ರಿ ಬಾಗಿಲು ಬಡಿದು ಎಬ್ಬಿಸಿ ವ್ಯಾನನ್ನು ಎತ್ತರದ ಜಾಗಕ್ಕೆ ಸಾಗಿಸಿಕೊಟ್ಟರಂತೆ, ಫೋನಿನ ಸಂಪರ್ಕ ಇರಲಿಲ್ಲವಂತೆ. "ಪರದೆ ತೆರೆದಿದೆ" ಎಂದು ಕೊನೆಯಲ್ಲಿತ್ತು. ಸೆಪ್ಟೆಂಬರಿನಲ್ಲಿ ತಿಮಿಂಗಿಲಗಳ ಜೊತೆಗೇ ದಕ್ಷಿಣಕ್ಕೆ ಮರಳುವೆ, ಉಪ್ಪಿಟ್ಟಿಗೆ ಯಾವ ರವೆ ಹಾಕಬೇಕೆಂದು ಬರೆದು ಕಳುಹಿಸಿ ಎಂದೂ ಕೇಳಿದ್ದರು.